ಬಲಮಗ್ಗುಲು ಕೊಯ್ಯದ ಮೀನು

ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಹೊಲಿಗೆ ಸೂಜಿ ಇರುತ್ತಿತ್ತು. ಮೊನೆ ಚುಚ್ಚದಿರಲೆಂದು ಅದಕ್ಕೆ ಬಾಟಲಿಯ ಬಿರಡೆಯ ಚೂರೊಂದನ್ನು ಸಿಕ್ಕಿಸಿರುತ್ತಿದ್ದರು. ಮೀನಿನ ಹುರುಪೆ ಎಣಿಸುವಾಗ ಆ ಚೂರನ್ನು ತೆಗೆದು ಎಡಗೈ ಬೆರಳ ಸಂದಿಯಲ್ಲಿ ಹಿಡಿದುಕೊಂಡು, ಕಿವಿರಿನ ಅಂಚಿನಿಂದ ಬಾಲದ ಬುಡದವರೆಗೆ ಒಂದೊಂದೇ ಹುರುಪೆಗೆ ಸೂಜಿ ತಾಗಿಸುತ್ತ ಹೋಗುತ್ತಿದ್ದರು. ತಾಗಿಸುತ್ತಿದ್ದರು ಅಷ್ಟೆ, ಒತ್ತುತ್ತಿರಲಿಲ್ಲ. ತುಟಿಯೂ ಅಲುಗುತ್ತಿರಲಿಲ್ಲ. ಬಾಲ ಮುಟ್ಟಿದ ಮೇಲೆ ಸಂಖ್ಯೆಯನ್ನು ಹೇಳದೆ ಮತ್ತೆ ಕಿವಿರಿನಿಂದ ಶುರು ಮಾಡುತ್ತಿದ್ದರು. ಎರಡು ಸಲವೂ ಒಂದೇ ಸಂಖ್ಯೆ ಬಂದರೆ ಮೂರನೆಯ ಸಲ ಎಣಿಸುತ್ತಿದ್ದರು.

"ಎರಡ್ಸಲ ಒಂದೇ ಬಂತಲ್ಲ ಸರ್, ಇನ್ಯಾಕೆ?" ಎಂದು ಮೊದಲ ವಾರದಲ್ಲೇ ಕೇಳಿದ್ದೆ.

"ಅದಕ್ಕೇ ಕಣಮ್ಮ. ಒಂದೇ ತಪ್ಪನ್ನ ಎರಡ್ಸಲ ಮಾಡೋದು ತುಂಬ ಸುಲಭ. ಮೂರನೇ ಸಲಕ್ಕೆ ಬೇಜಾರಾಗಿರುತ್ತೆ ನೋಡು, ಆಗ ಕಣ್ಣು ನಿಜ ಹೇಳುತ್ತೆ."

ಅವರು ಮಲ್ಲೇಶ್ವರದ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟರಾಗಿದ್ದು ತೊಂಬತ್ತರ ದಶಕದ ಕೊನೆಯಲ್ಲಿ ನಿವೃತ್ತರಾದವರು. ನಾನು ಅಲ್ಲಿ ಸಂಶೋಧನೆಗೆ ಸೇರಿದ್ದು ಅದಾದ ಏಳೆಂಟು ವರ್ಷಕ್ಕೆ. ಆಗಲೂ ಅವರು ವಾರದಲ್ಲಿ ಮೂರು ಬೆಳಗ್ಗೆ ಚಾಮರಾಜಪೇಟೆಯಿಂದ ಬಸ್ಸು ಹಿಡಿದು ವಿಭಾಗಕ್ಕೆ ಬರುತ್ತಿದ್ದರು. ಯಾರೂ ಕರೆದಿರಲಿಲ್ಲ, ಯಾರೂ ಬೇಡವೆಂದೂ ಅಂದಿರಲಿಲ್ಲ. ಕಿಟಕಿಯ ಬಳಿ ಒಂದು ಮರದ ಸ್ಟೂಲು ಅವರದು. ಬೇರೆಯವರು ಅದರ ಮೇಲೆ ಕೂತಿದ್ದರೆ ಏಳಿಸುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಹವಾಮಾನದ ಬಗ್ಗೆ ಮಾತಾಡುತ್ತಿದ್ದರು, ಕೂತವರೇ ನಾಚಿ ಏಳುವವರೆಗೆ.

ನನ್ನ ಕೆಲಸ ಡಿಎನ್ಎ ಬಾರ್‌ಕೋಡಿಂಗ್. ಆಗ ಅದು ಹೊಸದು. ಮೀನಿನ ಮೈಯಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು, ಗೊತ್ತುಮಾಡಿದ ಒಂದು ಜೀನಿನ ಆರುನೂರೈವತ್ತು ಅಕ್ಷರಗಳನ್ನು ಓದಿಸಿ, ಅವನ್ನು ಪ್ರಪಂಚದವರೆಲ್ಲ ಸೇರಿಸಿಟ್ಟಿರುವ ಡೇಟಾಬೇಸಿನ ಜೊತೆ ಹೋಲಿಸುವುದು. ಯಾವ ಹೆಸರಿನ ಮೀನಿಗೆ ಹತ್ತಿರ ಬಂತೋ ಅದೇ ಈ ಮೀನು. ಅಂಗಡಿಯ ಸೋಪಿನ ಮೇಲಿನ ಗೆರೆಗಳನ್ನು ಯಂತ್ರ ಓದುವ ಹಾಗೆ, ಎಂದು ಮನೆಯಲ್ಲಿ ಕೇಳಿದವರಿಗೆ ವಿವರಿಸುತ್ತಿದ್ದೆ. ಮೇಷ್ಟರಿಗೆ ನಾನು ವಿವರಿಸಬೇಕಾಗಿ ಬರಲಿಲ್ಲ. ನಾನು ಕೊಟ್ಟ ಲೇಖನಗಳನ್ನು ಮನೆಗೆ ಒಯ್ದು, ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಹಾಕಿಕೊಂಡು ತರುತ್ತಿದ್ದರು. ಹೆಚ್ಚಿನ ಪುಟಗಳಲ್ಲಿ ಪ್ರಶ್ನೆ ಒಂದೇ: 'ಜಾಡಿ ಎಲ್ಲಿ?'

ಎಂದರೆ, ಈ ಅಕ್ಷರಗಳು ಯಾವ ಮೀನಿನಿಂದ ಬಂದವೋ ಆ ಮೀನನ್ನು ಇವರು ಉಳಿಸಿಕೊಂಡಿದ್ದಾರೆಯೇ? ನಾಳೆ ಅನುಮಾನ ಬಂದರೆ ತೆಗೆದು ನೋಡಬಹುದೇ?

"ಸರ್, ಇದು ತೊಂಬತ್ತೊಂಬತ್ತು ಪರ್ಸೆಂಟ್ ಕೂಡಿ ಬಂದಿದೆ," ಎಂದು ಒಮ್ಮೆ ಉತ್ಸಾಹದಿಂದ ಪರದೆ ತೋರಿಸಿದೆ.

"ಜಾತಕ ಕೂಡಿಬಂತು ಅನ್ನು."

"ಹ್ಞೂಂ ಸರ್."

"ಹುಡುಗನ್ನ ನೋಡೋದು ಬೇಡ್ವೇನಮ್ಮ ಹಾಗಾದ್ರೆ? ಜಾತಕ ಬರೆಸಿದೋನು ಯಾರು, ಯಾರ ಮಗಂದು ಬರೆಸ್ದ, ಕೇಳೋದು ಬೇಡ್ವಾ?"

ಹಾಗೆ ಶುರುವಾಗಿ ನನ್ನ ಪ್ರಬಂಧದ ಅರ್ಧ ಭಾಗ ಡೇಟಾಬೇಸನ್ನೇ ಪರೀಕ್ಷಿಸುವುದಾಯಿತು. ಒಂದು ಹೆಸರಿನಡಿ ಬಂದ ನಮೂದುಗಳೆಲ್ಲ ಒಂದಕ್ಕೊಂದು ಹೊಂದುತ್ತವೆಯೇ, ಯಾರು ಗುರುತಿಸಿದ್ದು, ಜಾಡಿ ಇದೆಯೇ. ಒಂದು ದಿನ ಹೆಸರಘಟ್ಟ ಕೆರೆಯ ಮೀನೊಂದು ಯಾವುದೋ ತಣ್ಣನೆಯ ಸಮುದ್ರದ ಮೀನಿನ ಹೆಸರಿಗೆ ಕೂಡಿಬಂತು. ಯಾರೋ ಎಲ್ಲೋ ಟ್ಯೂಬು ಅದಲುಬದಲು ಮಾಡಿದ್ದರು. ಅವತ್ತೆಲ್ಲ ಅವರಿಗೆ ನಗು. ಟೀ ಕುಡಿಯುವಾಗ ಒಮ್ಮೆ, ಕೈ ತೊಳೆಯುವಾಗ ಒಮ್ಮೆ, "ಯಾವ ಬಸ್ಸು ಹತ್ಕೊಂಡು ಬಂದಿರ್ಬೋದಮ್ಮ ಅದು? ಮೆಜೆಸ್ಟಿಕ್‌ನಲ್ಲಿ ಇಳಿದು ಬದಲಾಯಿಸಿರ್ಬೇಕು," ಎನ್ನುತ್ತ ತಮ್ಮಷ್ಟಕ್ಕೆ ನಕ್ಕರು.

ಅವರು ಮೀನು ತಿನ್ನುವವರಲ್ಲ. ಮನೆಯಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಅವರ ಹೆಂಡತಿ ನನ್ನನ್ನು ಮೊದಲು ಕಂಡಾಗ ಹೇಳಿದ ಮಾತೇ ಅದು. "ನಲವತ್ತು ವರ್ಷದಿಂದ ಇವರ ಬಾಯಲ್ಲಿ ಮೀನು ಮೀನು ಮೀನು. ಒಂದು ದಿನಾನಾದ್ರೂ ಮನೆಗೆ ಬಂತಾ ಕೇಳು. ಮಾರ್ಕೆಟ್ಟಿನ ವಾಸನೆ ಮಾತ್ರ ಬರುತ್ತೆ."

ಸಿಟಿ ಮಾರ್ಕೆಟ್ಟಿನ ಮೀನಿನ ಸಾಲಿಗೆ ನನ್ನನ್ನು ಕರೆದೊಯ್ದವರೂ ಅವರೇ. ಏಳು ಗಂಟೆಗೆ ಮುಂಚೆ ಅಲ್ಲಿರಬೇಕು. ಪ್ಯಾಂಟಿನ ಕೆಳತುದಿಯನ್ನು ಎರಡು ಮಡಿಕೆ ಮಡಚಿ, ಒದ್ದೆ ಕಲ್ಲಿನ ಮೇಲೆ ಕೊಕ್ಕರೆಯಂತೆ ಕಾಲೆತ್ತಿ ಇಡುತ್ತ ನಡೆಯುತ್ತಿದ್ದರು. ಕೆರೆ ಮೀನು, ಹೊಳೆ ಮೀನು ಮಾರುವ ಮುನಿಯಮ್ಮ ದೂರದಿಂದಲೇ ಕೂಗುತ್ತಿದ್ದಳು.

"ಬಂದ್ರು ನೋಡಿ ನಮ್ ಮೇಷ್ಟ್ರು! ತಿನ್ನೋರು ನೂರು ಜನ ಬತ್ತಾರೆ, ಎಣಿಸೋರು ಇವ್ರೊಬ್ರೇ."

"ಏನಿದೆ ಮುನಿಯಮ್ಮ ಇವತ್ತು?"

"ನೀವೇ ಯೋಳಿ. ನಾನ್ ಯೋಳಿದ್ರೆ ಅದಲ್ಲ ಇದು ಅಂತೀರ. ಮೊನ್ನೆ ಗಿರಾಕಿ ಮುಂದೇನೇ ನನ್ ಮೀನಿನ ಹೆಸರು ಬದಲಾಯಿಸ್‌ಬಿಟ್ರಿ, ಆವಪ್ಪ ವಾಪಸ್ ಮಡಗಿ ಹೋದ."

ಬೈಯುತ್ತಲೇ ಅವಳು ಅವರಿಗಾಗಿ ಎತ್ತಿಟ್ಟ ಬುಟ್ಟಿಯನ್ನು ಮುಂದಕ್ಕೆ ಎಳೆಯುತ್ತಿದ್ದಳು. ಅವರು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೀನನ್ನು ಎತ್ತಿ ಮುಖ ನೋಡುತ್ತಿದ್ದರು. "ಬುಟ್ಟಿ ಒಂದೇ ಆದ್ರೆ ಮೀನು ಒಂದೇ ಅಂದ್ಕೋಬೇಡ," ಎಂದು ನನಗೆ ಹೇಳಿದ್ದು ಅಲ್ಲೇ, ಮುನಿಯಮ್ಮನ ಮುಂದೆ. "ಬಲೆಗೆ ಜಾತಿ ಗೊತ್ತಾಗಲ್ಲ."

ಅವರು ಕಲಿಸಿದ ಕ್ರಮ ಹೀಗಿತ್ತು. ಮೊದಲು ಗುರುತಿಸಬೇಕು. ಬಾಲಕ್ಕೆ ದಾರದಿಂದ ಚೀಟಿ ಕಟ್ಟಬೇಕು. ಮೀನಿನ ತಲೆ ಎಡಕ್ಕೆ ಬರುವಂತೆ ಮಲಗಿಸಿ ಎಡಮಗ್ಗುಲಿನ ಫೋಟೋ ತೆಗೆಯಬೇಕು. ಆಮೇಲೆ ಹೊರಳಿಸಿ ಬಲಮಗ್ಗುಲಿನಿಂದ ಮಾಂಸದ ತುಣುಕು ತೆಗೆಯಬೇಕು. ಎಡಗಡೆಗೆ ಕತ್ತರಿ ಸೋಕಕೂಡದು, ಅದು ಮುಂದೆ ನೋಡುವವರಿಗೆ. ಇಷ್ಟಾದ ಮೇಲೆಯೇ ಫಾರ್ಮಲಿನ್ ಜಾಡಿ. ಫಾರ್ಮಲಿನ್‌ನಲ್ಲಿ ಮೀನಿನ ರೂಪ ನೂರು ವರ್ಷ ಕೆಡುವುದಿಲ್ಲ, ಆದರೆ ಡಿಎನ್ಎ ಓದಲು ಬಾರದಂತಾಗುತ್ತದೆ. ಹಾಗಾಗಿ ಈ ಕ್ರಮ ಹಿಂದುಮುಂದಾಗುವಂತಿಲ್ಲ.

ನನ್ನ ಕೈಯಲ್ಲಿ ಅದು ಒಮ್ಮೆ ಹಿಂದುಮುಂದಾಯಿತು.

ಅವತ್ತು ಮುನಿಯಮ್ಮನ ಬುಟ್ಟಿಯಿಂದ ತಂದ ಇಪ್ಪತ್ತರಷ್ಟು ಗೆಂಡೆ ಮೀನುಗಳಿದ್ದವು, ಬೆರಳುದ್ದದ ಬೆಳ್ಳಿ ಬಣ್ಣದವು. ಅವರು ಒಂದನ್ನು ಆರಿಸಿ ಬಹಳ ಹೊತ್ತು ಲೆನ್ಸಿನಡಿ ನೋಡಿದರು. ಹೆಚ್ಚುಕಡಿಮೆ ಒಂದೇ ಥರ ಕಾಣುವ ಎರಡು ಗೆಂಡೆಗಳಿವೆ. ಒಂದಕ್ಕೆ ಬಾಯಿಯ ಮೂಲೆಯಲ್ಲಿ ಕೂದಲೆಳೆಯಂಥ ಪುಟ್ಟ ಮೀಸೆ, ಇನ್ನೊಂದಕ್ಕೆ ಇಲ್ಲ. ಮೀಸೆಯದು ನಮ್ಮ ಕಡೆ ಅಪರೂಪ. "ಇದೆ ಕಣಮ್ಮ, ಮೀಸೆ ಇದೆ!" ಎಂದು ಹುಡುಗರಂತೆ ಹೇಳಿ, ಚೀಟಿ ಕಟ್ಟಿ, ನನ್ನ ಟ್ರೇಯಲ್ಲಿಟ್ಟು ಹೊರಟರು. ಅವರಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಒಂದು ಕಣ್ಣಿಗೆ ಪೊರೆ ತೆಗೆಸಿ ಆರು ತಿಂಗಳಾಗಿತ್ತು, ಇನ್ನೊಂದಕ್ಕೆ ದಿನ ಕೇಳಬೇಕಿತ್ತು.

ನಾನು ಫೋಟೋ ತೆಗೆಯುವ ಹೊತ್ತಿಗೆ ಮನೆಯಿಂದ ಫೋನು ಬಂತು. ಏನೆಂಬುದು ಇಲ್ಲಿ ಬೇಡ. ಮಾತು ಮುಗಿಸಿ ಬಂದು, ಮೀನನ್ನು ಎತ್ತಿ ನೇರವಾಗಿ ಫಾರ್ಮಲಿನ್‌ಗೆ ಹಾಕಿದೆ. ಗೊತ್ತಾಗುವಷ್ಟರಲ್ಲಿ ಸಂಜೆಯಾಗಿತ್ತು. ಅದರಿಂದ ಇನ್ನು ಏನೂ ತೆಗೆಯುವಂತಿರಲಿಲ್ಲ. ಪಕ್ಕದ ಐಸಿನ ಮೇಲೆ ಅದೇ ಬುಟ್ಟಿಯ ಉಳಿದ ಗೆಂಡೆಗಳಿದ್ದವು. ಒಂದನ್ನು ತೆಗೆದುಕೊಂಡೆ, ಬಲಮಗ್ಗುಲಿನಿಂದ ತುಣುಕು ಕತ್ತರಿಸಿದೆ, ಟ್ಯೂಬಿನ ಮೇಲೆ ಜಾಡಿಯ ಮೀನಿನ ಸಂಖ್ಯೆಯನ್ನೇ ಬರೆದೆ. ಕತ್ತರಿಸಿದ ಮೀನನ್ನು ಎಸೆದೆ. ಬಾಯಿಯ ಮೂಲೆ ನೋಡಿದೆನೇ ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ಪ್ರಯತ್ನಿಸಿದ್ದೇನೆ. ನೋಡಿರಲಿಲ್ಲ.

ಹೋಲಿಸಿ ನೋಡಲು ಆ ಎರಡು ಗೆಂಡೆಗಳಲ್ಲಿ ಯಾವುದರ ನಮೂದೂ ಆಗ ಡೇಟಾಬೇಸಿನಲ್ಲಿರಲಿಲ್ಲ; ಆ ಅಕ್ಷರಗಳು ಹಾಗೇ ಸೇರಿದವು. 'ಗುರುತಿಸಿದವರು' ಎಂಬ ಸಾಲಿನಲ್ಲಿ ಅವರ ಹೆಸರು ಹಾಕಿದೆ. ತೋರಿಸಿದಾಗ, "ಸ್ವಲ್ಪ ದೊಡ್ಡದು ಮಾಡಮ್ಮ," ಎಂದು ಹತ್ತಿರ ಬಗ್ಗಿ ಓದಿದರು. "ನನ್ನ ಇನಿಷಿಯಲ್ ಸರಿಯಾಗಿ ಹಾಕಿದೀಯ," ಎಂದಷ್ಟೇ ಹೇಳಿದರು. ಆದರೆ ಅವತ್ತು ಗಾಂಧಿ ಬಜಾರಿನಲ್ಲಿ ಇಳಿದು ಕೊಬ್ಬರಿ ಮಿಠಾಯಿ ಕಟ್ಟಿಸಿಕೊಂಡು, ಮುಂದಿನ ಸಲ ಬರುವಾಗ ನಮಗೆಲ್ಲ ತಂದುಕೊಟ್ಟರು. ಯಾತಕ್ಕೆಂದು ಕೇಳಿದರೆ, "ಸುಮ್ನೆ, ಚೆನ್ನಾಗಿತ್ತು," ಎಂದರು.

ಒಂದೂವರೆ ವರ್ಷದ ಮೇಲೆ ಬೇರೆ ರಾಜ್ಯದ ಸಂಶೋಧಕರೊಬ್ಬರಿಂದ ಮೇಲ್ ಬಂತು. ನಿಮ್ಮ ಮೀಸೆ ಗೆಂಡೆಯ ಅಕ್ಷರಗಳು ನಮ್ಮ ಮೀಸೆಯಿಲ್ಲದ ಗೆಂಡೆಗಳ ಜೊತೆ ಹೋಗಿ ಕೂರುತ್ತಿವೆ, ಮೀನನ್ನು ಗುರುತಿಸಿದ್ದು ಸರಿಯೇ ನೋಡಿ, ಎಂದು ಮರ್ಯಾದೆಯಿಂದ ಬರೆದಿದ್ದರು.

ನನ್ನ ಗೈಡ್ ಓದಿ ನಿಟ್ಟುಸಿರು ಬಿಟ್ಟರು. "ಪಾಪ. ಆಗ ಅವರಿಗೆ ಒಂದು ಕಣ್ಣಲ್ಲಿ ಪೊರೆ ಇತ್ತಲ್ವಾ? ಆ ಮೀಸೆ ನಮಗೇ ಕಾಣಿಸಲ್ಲ. ಹೆಸರು ಬದಲಾಯಿಸ್ಬಿಡಿ, ಒಂದು ಟಿಪ್ಪಣಿ ಹಾಕಿ."

ಟಿಪ್ಪಣಿ ಬರೆದವಳು ನಾನು. 'ಗುರುತಿಸುವಲ್ಲಿ ಆದ ತಪ್ಪನ್ನು ತಿದ್ದಲಾಗಿದೆ.' ಇಂಗ್ಲಿಷಿನಲ್ಲಿ ಅದು ಇನ್ನೂ ಚಿಕ್ಕದಾಗಿತ್ತು.

ಅವರಿಗೆ ಗೈಡ್ ಹೇಳಿದಾಗ ನಾನು ಅಲ್ಲೇ ಇದ್ದೆ. ಅವರು ವಾದ ಮಾಡಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು.

"ಜಾಡಿ ತೆಗೆದು ನೋಡಿದ್ಯೇನಮ್ಮ?"

"ನೋಡಿದೆ ಸರ್," ಎಂದೆ.

ನಾನು ನೋಡಿರಲಿಲ್ಲ. ನೋಡಿದರೆ ಏನು ಕಾಣುವುದೆಂದು ನನಗೆ ಒಳಗೊಳಗೇ ಗೊತ್ತಿತ್ತು, ಅದಕ್ಕೇ ನೋಡಿರಲಿಲ್ಲ.

"ಮೀಸೆ?"

"ಕಾಣಲಿಲ್ಲ ಸರ್."

"ಹಾಗಾದ್ರೆ ಕಣ್ಣೇ," ಎಂದರು.

ಜಗತ್ತಿನ ಯಾವ ಡೇಟಾಬೇಸನ್ನೂ ನಂಬದೆ ಜಾಡಿ ಕೇಳುತ್ತಿದ್ದವರು ನನ್ನ ಒಂದು ಮಾತನ್ನು ನಂಬಿದರು. ಜಾಡಿಗಳ ಕಪಾಟು ಹತ್ತೇ ಹೆಜ್ಜೆ ದೂರದಲ್ಲಿತ್ತು. ಎದ್ದು ಹೋಗಿ ತಾವೇ ನೋಡಬಹುದಿತ್ತು. ನೋಡಿದರೆ ನನ್ನ ಮೇಲೆ ಅನುಮಾನಪಟ್ಟಂತಾಗುತ್ತದೆಂದು ಹೋಗಲಿಲ್ಲವೋ, ಇನ್ನು ತಮ್ಮ ಕಣ್ಣಿಂದ ನೋಡಿ ಏನು ಪ್ರಯೋಜನವೆಂದು ಹೋಗಲಿಲ್ಲವೋ, ನನಗೆ ತಿಳಿಯದು.

ವಾರಕ್ಕೆ ಮೂರು ಬೆಳಗ್ಗೆ ಎರಡಾಯಿತು, ಒಂದಾಯಿತು. ಬಂದಾಗಲೂ ಗುರುತಿಸಲು ಕೊಟ್ಟ ಮೀನನ್ನು ಹಿಂದಕ್ಕೆ ಸರಿಸುತ್ತಿದ್ದರು. "ನಿಮ್ಮ ಮೆಷಿನ್ನೇ ಹೇಳ್ಲಿ ಬಿಡಮ್ಮ, ಅದಕ್ಕೆ ಪೊರೆ ಬರಲ್ಲ." ವ್ಯಂಗ್ಯ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ಬರುವುದನ್ನೇ ನಿಲ್ಲಿಸಿದರು. ಮಾರ್ಕೆಟ್ಟಿಗೆ ನಾನೊಬ್ಬಳೇ ಹೋದಾಗ ಮುನಿಯಮ್ಮ ಬುಟ್ಟಿ ಮುಂದಕ್ಕೆ ಎಳೆಯದೆ ನನ್ನ ಹಿಂದೆ ದಾರಿ ನೋಡಿದಳು. "ಎಲ್ಲಮ್ಮ ಮೇಷ್ಟ್ರು? ಬೈಯಕ್ಕೂ ಯಾರೂ ಇಲ್ದಂಗಾಯ್ತು."

ಅವರು ನಿಲ್ಲಿಸಿದ ಮೇಲೆ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಜಾಡಿ ತೆರೆದೆ. ಚಿಮುಟದಿಂದ ಮೀನನ್ನು ಎತ್ತಿ ಲೆನ್ಸಿನಡಿ ಇಟ್ಟೆ. ಬಾಯಿಯ ಎರಡೂ ಮೂಲೆಯಲ್ಲಿ ಮೀಸೆ ಇತ್ತು. ಹೊರಳಿಸಿದೆ. ಬಲಮಗ್ಗುಲು ಇಡಿಯಾಗಿತ್ತು, ಒಂದು ಹುರುಪೆಯೂ ಕದಲಿರಲಿಲ್ಲ. ನೋಡಬಲ್ಲ ಯಾರಿಗಾದರೂ ಅಷ್ಟೇ ಸಾಕು: ಆ ಅಕ್ಷರಗಳು ಈ ಮೀನಿನವಲ್ಲ. ಮತ್ತೆ ಜಾಡಿಗೆ ಹಾಕಿ ಮುಚ್ಚಳ ಬಿಗಿದೆ. ಪ್ರಬಂಧ ಪರೀಕ್ಷಕರ ಬಳಿ ಹೋಗಿತ್ತು. ಡೇಟಾಬೇಸಿನಲ್ಲಿ ಅಕ್ಷರಕ್ಕೆ ತಕ್ಕ ಹೆಸರು ಈಗ ಇದೆಯಲ್ಲ, ವಿಜ್ಞಾನಕ್ಕೆ ಮೋಸವಾಗಿಲ್ಲವಲ್ಲ, ಎಂದು ಹೇಳಿಕೊಂಡೆ. ಮೋಸವಾದದ್ದು ಒಬ್ಬರಿಗೆ ಮಾತ್ರ.

ಅವರೆಕಾಯಿ ಕಾಲದಲ್ಲಿ, ಹೇಳಿಯೇ ಬಿಡಬೇಕೆಂದು ಮತ್ತಿಕೆರೆಯ ರೂಮಿನಿಂದ ಹೊರಟು ಚಾಮರಾಜಪೇಟೆಗೆ ಹೋದೆ. ಮುಂಬಾಗಿಲ ಜಗಲಿಯಲ್ಲಿ ದಿನಪತ್ರಿಕೆ ಹಾಸಿಕೊಂಡು ಗಂಡಹೆಂಡತಿ ಅವರೆಕಾಯಿ ಸುಲಿಯುತ್ತಿದ್ದರು. ಅವರು ತೆಳ್ಳಗಾಗಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಬಾಮ್ಮ, ಬಾ, ಕೈ ಹಚ್ಚು," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು.

ಅವರು ಸುಲಿದ ಕಾಳನ್ನು ಬೇರೆ ಬಟ್ಟಲಿಗೆ ಹಾಕುತ್ತಿದ್ದರು. ಹೆಂಡತಿ ತನ್ನ ಪಾಲು ಮುಗಿಸಿ ಆ ಬಟ್ಟಲನ್ನು ಎಳೆದುಕೊಂಡು ಮತ್ತೊಮ್ಮೆ ನೋಡತೊಡಗಿದರು.

"ಇವರೇ ಹೇಳಿರೋದು ಹಾಗೆ ಮಾಡು ಅಂತ," ಎಂದರು ನನಗೆ. "ಎಷ್ಟು ಹೇಳಿದ್ರೂ ಕೇಳಲ್ಲ."

"ಹುಳ ಇದ್ರೆ ನನಗೆಲ್ಲಿ ಕಾಣುತ್ತೆ? ನೀನೂ ಒಂದ್ಸಲ ನೋಡ್ಬಿಡಮ್ಮ," ಎಂದರು ಅವರು.

ಬಟ್ಟಲನ್ನು ನನ್ನ ಮುಂದೆ ತಂದುಕೊಂಡು ಕಾಳು ಕಾಳಾಗಿ ನೋಡಿದೆ. ಒಂದು ಹುಳ ಇರಲಿಲ್ಲ. ಹುಳ ಕೊರೆದ ಒಂದು ಚುಕ್ಕೆಯೂ ಇರಲಿಲ್ಲ.

"ಸರಿಯಾಗಿದೆ ಸರ್," ಎಂದೆ.

"ಅದೃಷ್ಟ," ಎಂದು ನಕ್ಕರು.

ಆ ಕ್ಷಣದಲ್ಲಿ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ನನ್ನ ಪ್ರಬಂಧ ಏನಾಯಿತೆಂದು ಕೇಳಿದರು, ಪರೀಕ್ಷಕರು ಏನು ಕೇಳಬಹುದೆಂದು ತಾವೇ ಒಂದೊಂದಾಗಿ ಪ್ರಶ್ನೆ ಹಾಕಿ ಉತ್ತರ ಹೇಳಿಸಿದರು, ನಾನು ಚೆನ್ನಾಗಿ ಹೇಳಿದಾಗ ಸುಲಿಯುವುದನ್ನು ನಿಲ್ಲಿಸಿ ತಲೆದೂಗಿದರು. ಹಿತಕಿದ ಬೇಳೆ ಸಾರಿನ ಊಟ ಮಾಡಿ ಬಂದೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಅವರು ತೀರಿಕೊಂಡರು. ಎದೆನೋವು ಬಂದು ಆಸ್ಪತ್ರೆ ಸೇರಿದ ಎರಡನೆಯ ದಿನ.

ಈಗಲೂ ಯಾವುದಾದರೂ ಕೆರೆಯ ದಂಡೆಯಲ್ಲಿ ಬಲೆ ಎಳೆಯುವುದನ್ನು ಕಂಡರೆ, ಪ್ಯಾಂಟು ಮಡಚಿದ ಒಬ್ಬರು ಕುಕ್ಕರಗಾಲಲ್ಲಿ ಕೂರುವುದಕ್ಕಾಗಿ ನನ್ನ ಕಣ್ಣು ಕಾಯುತ್ತದೆ. ಹುರುಪೆ ಎಣಿಸುವಾಗ ಎರಡನೆಯ ಸಲಕ್ಕೂ ಮೂರನೆಯ ಸಲಕ್ಕೂ ನಡುವೆ ತಲೆಯೆತ್ತುತ್ತೇನೆ. ಅವರಿಗೆ ತೋರಿಸಬೇಕಾದ ಮೀನುಗಳು ಎಷ್ಟೋ ಸೇರಿಹೋಗಿವೆ. ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಯಾರು ಕೂತರೂ ನನಗೆ ಏಳಿ ಎಂದು ಹೇಳಬೇಕೆನಿಸುತ್ತದೆ, ಹೇಳುವುದಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ವಿಭಾಗದವರೆಲ್ಲ ಹೋಗಿದ್ದೆವು. ಕೈ ತೊಳೆದು ಹೊರಡುವಾಗ ಅವರ ಹೆಂಡತಿ ನನ್ನನ್ನು ಬದಿಗೆ ಕರೆದರು.

"ಮಾರ್ಕೆಟ್ಟಿಗೆ ಹೋಗೋದು ಬಿಟ್ಟಾಗ್ಲೇ ನನಗನ್ನಿಸ್ತು ಕಣಮ್ಮ, ಇವರು ಇನ್ನು ಜಾಸ್ತಿ ದಿನ ಇರಲ್ಲ ಅಂತ. ಹೋಗಿ ಬನ್ನಿ, ಎಲ್ರಿಗೂ ಒಂದೊಂದ್ಸಲ ತಪ್ಪಾಗುತ್ತೆ ಅಂತ ನಾನಂದ್ರೆ, ಇಲ್ಲ ಕಣೇ, ಬೇರೆ ಯಾರಾದ್ರೂ ಹೇಳಿದ್ರೆ ನಾನು ಒಪ್ತಿರ್ಲಿಲ್ಲ, ಆ ಹುಡುಗಿ ಜಾಡಿ ತೆಗೆದು ನೋಡಿದಾಳೆ, ಅವಳು ನೋಡಿದ್ಮೇಲೆ ಮುಗೀತು, ಅಂದ್ರು."

ನಾನು ನಮಸ್ಕಾರ ಮಾಡಿ ಬಂದೆ. ರೂಮಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು ಎಂಬುದು ನೆನಪಿದೆ, ಬೇರೆ ಏನೂ ನೆನಪಿಲ್ಲ.

ಮರುದಿನ ಬೆಳಗ್ಗೆ ಏಳೂವರೆಗೆ ಮತ್ತೆ ಆ ಮನೆಯ ಗೇಟಿನಲ್ಲಿದ್ದೆ. ಅವರ ಹೆಂಡತಿ ಹಿಂದಿನ ದಿನದ ಜಮಖಾನೆಗಳನ್ನು ಕೊಡವಿ ಕಾಂಪೌಂಡಿನ ಮೇಲೆ ಹಾಕುತ್ತಿದ್ದರು. "ಏನಮ್ಮ, ಏನಾದ್ರೂ ಬಿಟ್ಟು ಹೋಗಿದ್ಯಾ?" ಎಂದರು. ನಿಂತಲ್ಲೇ ಎಲ್ಲ ಹೇಳಿದೆ: ಅವತ್ತಿನ ಫಾರ್ಮಲಿನ್, ಬೇರೆ ಮೀನಿನ ತುಣುಕು, ನೋಡದೆ ನೋಡಿದೆ ಎಂದದ್ದು, ಆಮೇಲೆ ನೋಡಿಯೂ ಸುಮ್ಮನಿದ್ದದ್ದು. ಅವರ ಕಣ್ಣು ಸರಿಯಾಗಿತ್ತು ಅಮ್ಮ, ಎಂದೆ.

ಜಮಖಾನೆಯ ಅಂಚು ಹಿಡಿದುಕೊಂಡೇ ಪೂರ್ತಿ ಕೇಳಿದರು.

"ಅವರಿಗೆ ಹೇಳ್ಬೇಕಿತ್ತಲ್ಲಮ್ಮ ಇದನ್ನ," ಎಂದರು. "ನನಗೆ ಹೇಳಿದ್ರೆ ಏನಾಗುತ್ತೆ?"

ಒಳಗೆ ಕರೆಯಲಿಲ್ಲ. ಜಮಖಾನೆಯ ಇನ್ನೊಂದು ತುದಿಯನ್ನು ನಾನು ಹಿಡಿದೆ. ಬೇಡವೆನ್ನಲಿಲ್ಲ. ಉಳಿದ ಮೂರನ್ನೂ ಇಬ್ಬರೂ ಕೊಡವಿ ಹಾಕಿದೆವು. ಆಮೇಲೆ ಗೇಟು ಹಾಕಿಕೊಂಡು ವಿಭಾಗಕ್ಕೆ ಬಸ್ಸು ಹತ್ತಿದೆ. ಗೈಡ್ ಇನ್ನೂ ಬಂದಿರಲಿಲ್ಲ. ಕಂಪ್ಯೂಟರ್ ಹಾಕಿ, ನಮ್ಮ ನಮೂದನ್ನು ತೆರೆದು, ನಾನು ಬರೆದಿದ್ದ ಟಿಪ್ಪಣಿಯನ್ನು ಅಳಿಸಿದೆ. ಮೀನನ್ನು ಗುರುತಿಸಿದವರು ಸರಿಯಾಗಿಯೇ ಗುರುತಿಸಿದ್ದರು ಎಂದು ಬರೆದೆ. ತುಣುಕು ಆ ಮೀನಿನದಲ್ಲ, ಬೇರೆ ಮೀನಿನದು ಎಂದು ಬರೆದೆ. ಕತ್ತರಿಸಿದವರು ಯಾರು ಎಂಬಲ್ಲಿ ನನ್ನ ಹೆಸರನ್ನು, ಇನಿಷಿಯಲ್ ಸಮೇತ, ಪೂರ್ತಿಯಾಗಿ ಹಾಕಿದೆ.